ಹಳೆಯ ಫೋನಿಗೆ ಇನ್ನೊಂದು ಮಳೆಗಾಲ

ಅಡಿಕೆ ಕೊಯ್ಲು ಮುಗಿದು, ಕಣದ ಕಾಫಿ ಚೀಲ ಸೇರಿ, ಕೃಷಿಕನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಮಲೆನಾಡಿನ ಪೇಟೆಗಳ ಮೊಬೈಲ್ ಅಂಗಡಿಗಳಲ್ಲಿ ಹೊಸ ಮಾದರಿಗಳ ಭರಾಟೆ ಆರಂಭವಾಗುತ್ತದೆ. ಹಳೆಯ ಸೆಟ್ ಕೊಟ್ಟು ಹೊಸದನ್ನು ಒಯ್ಯಿರಿ, ಬಡ್ಡಿಯಿಲ್ಲದ ಕಂತಿನಲ್ಲಿ ತೀರಿಸಿರಿ ಎಂಬ ಫಲಕಗಳು ಗೊಬ್ಬರದ ಅಂಗಡಿಯ ಪಕ್ಕದಲ್ಲೇ ಎದ್ದು ನಿಲ್ಲುತ್ತವೆ. ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಂತೂ ವರ್ಷಕ್ಕೊಮ್ಮೆಯಾದರೂ ಈ ಚರ್ಚೆ ಏಳುತ್ತದೆ: ಮೂರು ನಾಲ್ಕು ವರ್ಷ ದುಡಿದ ಫೋನನ್ನು ಉಳಿಸಿಕೊಳ್ಳುವುದೇ, ಬದಲಿಸುವುದೇ? ಮಕ್ಕಳಿಗೆ ಅದು ನಿಧಾನವಾಗಿದೆ ಎಂಬ ಬೇಸರ. ಹಿರಿಯರಿಗೆ ಹದಿನೈದು ಸಾವಿರ ರೂಪಾಯಿ ಎಲ್ಲಿಂದ ತರುವುದೆಂಬ ಚಿಂತೆ.

ಮೇಲ್ನೋಟಕ್ಕೆ ಇದು ಒಂದು ಮನೆಯ ಖಾಸಗಿ ವಿಚಾರ. ಆದರೆ ಕಿಸೆಯೊಳಗೆ ಅಡಗುವ ಈ ಪುಟ್ಟ ಯಂತ್ರದ ಬೇರುಗಳು ಯಾವ ಯಾವ ನೆಲಕ್ಕೆ ಇಳಿದಿವೆ ಎಂಬುದನ್ನು ಹುಡುಕುತ್ತ ಹೋದರೆ, ಗಣಿಗಾರಿಕೆಯ ಬಿಸಿಯನ್ನು ಸ್ವತಃ ಉಂಡಿರುವ ಗುಡ್ಡಗಾಡಿನ ಜನ ಇದನ್ನು ಖಾಸಗಿ ವಿಚಾರವೆಂದು ಬಿಟ್ಟುಬಿಡುವಂತಿಲ್ಲ.

ಹಾಗೆಂದು ಫೋನು ಐಷಾರಾಮದ ವಸ್ತು, ಅದಿಲ್ಲದೆಯೂ ಬದುಕಬಹುದು ಎಂದು ಉಪದೇಶಿಸುವ ಕಾಲ ಇದಲ್ಲ. 2020 ಮತ್ತು 2021ರ ಕೊರೊನಾ ದಿನಗಳಲ್ಲಿ ಮಲೆನಾಡಿನ ಮಕ್ಕಳು ಪಾಠ ಕೇಳುವುದಕ್ಕಾಗಿ ಗುಡ್ಡದ ನೆತ್ತಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಗುಡಾರ ಕಟ್ಟಿಕೊಂಡು ಕುಳಿತದ್ದನ್ನು ನಾಡು ಕಂಡಿದೆ. ರಾಜ್ಯದ ಬೆಳೆ ಸಮೀಕ್ಷೆಗೆ 2020ರಿಂದ ರೈತರೇ ತಮ್ಮ ಫೋನಿನಲ್ಲಿ ಹೊಲದ ಚಿತ್ರ ತೆಗೆದು ಕಳಿಸುವ ವ್ಯವಸ್ಥೆ ಬಂದಿದೆ. ಸರ್ವೆ ನಂಬರು ಹುಡುಕಲು ದಿಶಾಂಕ್ ಆಪ್ ಬೇಕು, ವಿದ್ಯಾರ್ಥಿವೇತನದ ಅರ್ಜಿಗೆ ಒಟಿಪಿ ಬೇಕು. ಸರ್ಕಾರವೇ ಸ್ಮಾರ್ಟ್‌ಫೋನನ್ನು ಅರ್ಧ ಕಡ್ಡಾಯ ಮಾಡಿರುವಾಗ ಬೇಡವೆಂದು ಹೇಳುವುದು ಬಡವರನ್ನು ಮತ್ತಷ್ಟು ದೂರ ತಳ್ಳಿದಂತೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಫೋನು ಬೇಕೇ ಬೇಡವೇ ಎಂಬುದಲ್ಲ. ಇರುವ ಫೋನು ನಿಜಕ್ಕೂ ಸತ್ತಿದೆಯೇ, ಅಥವಾ ಸತ್ತಿದೆಯೆಂದು ನಂಬಿಸಲಾಗುತ್ತಿದೆಯೇ ಎಂಬುದು.

ಫೋನು ಹಳತಾಗುವ ಬಗೆಗಳನ್ನು ಬಿಡಿಸಿ ನೋಡಿದರೆ ಬಹುಪಾಲು ಕಾಯಿಲೆಗಳಿಗೆ ಮದ್ದು ಇದೆ ಎಂಬುದು ಗೊತ್ತಾಗುತ್ತದೆ. ಮೊದಲನೆಯದು ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿಗೆ ರಾಸಾಯನಿಕ ಆಯುಸ್ಸೆಂಬುದೊಂದು ಇದೆ. ಪೂರ್ತಿ ತುಂಬಿ ಪೂರ್ತಿ ಬರಿದಾಗುವ ಸುಮಾರು 500ರಿಂದ 1000 ಆವರ್ತನಗಳ ನಂತರ ಅದರ ಧಾರಣಶಕ್ತಿ ಶೇಕಡ 80ರ ಆಸುಪಾಸಿಗೆ ಇಳಿಯುತ್ತದೆ. ದಿನಕ್ಕೊಮ್ಮೆ ಚಾರ್ಜ್ ಮಾಡುವವರಿಗೆ ಇದು ಎರಡು ಮೂರು ವರ್ಷದ ಮಾತು. ಮಧ್ಯಾಹ್ನಕ್ಕೇ ಚಾರ್ಜ್ ಖಾಲಿಯಾಗುವ, ಶೇಕಡ 30 ತೋರಿಸುತ್ತಿದ್ದಂತೆಯೇ ದಿಢೀರನೆ ಆರಿಹೋಗುವ ಫೋನಿನಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಬ್ಯಾಟರಿಯೊಂದೇ. ಸಾಧಾರಣ ಆಂಡ್ರಾಯ್ಡ್ ಫೋನಿಗೆ ಬ್ಯಾಟರಿ ಬದಲಿಸುವ ಖರ್ಚು ಹೊಸ ಫೋನಿನ ಬೆಲೆಯ ಸಣ್ಣದೊಂದು ಪಾಲು ಮಾತ್ರ. ಎತ್ತಿನ ಲಾಳ ಸವೆದರೆ ಲಾಳ ಕಟ್ಟಿಸುತ್ತಾರೆಯೇ ಹೊರತು ಎತ್ತನ್ನೇ ಮಾರುವುದಿಲ್ಲ.

ಈ ಸರಳ ಸತ್ಯವನ್ನು ಗ್ರಾಹಕರಿಂದ ಮರೆಮಾಚಿದ ಕಥೆಯೂ ಇದೆ. ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸುತ್ತಿರುವುದಾಗಿ ಆಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ಏಕಾಏಕಿ ಆರಿಹೋಗದಂತೆ ತಡೆಯಲು ಹಾಗೆ ಮಾಡಿದ್ದೆಂಬುದು ಕಂಪನಿಯ ಸಮಜಾಯಿಷಿ. ಆದರೆ ಬ್ಯಾಟರಿ ಬದಲಿಸಿದರೆ ಹಳೆಯ ವೇಗ ಮರಳುತ್ತದೆಂಬ ಮಾತನ್ನು ಬಳಕೆದಾರರಿಗೆ ಮೊದಲೇ ತಿಳಿಸಿರಲಿಲ್ಲ. ಇದೇ ಕಾರಣಕ್ಕೆ 2020ರಲ್ಲಿ ಫ್ರಾನ್ಸ್ ಸರ್ಕಾರದ ಸಂಸ್ಥೆ 2.5 ಕೋಟಿ ಯೂರೊ ದಂಡ ವಿಧಿಸಿತು. ಅಮೆರಿಕದಲ್ಲಿ ಗ್ರಾಹಕರು ಹೂಡಿದ ಮೊಕದ್ದಮೆಯನ್ನು 50 ಕೋಟಿ ಡಾಲರ್‌ವರೆಗೆ ಪರಿಹಾರ ಕೊಡುವ ಒಪ್ಪಂದದ ಮೇಲೆ ಬಗೆಹರಿಸಿಕೊಳ್ಳಲಾಯಿತು. ಫೋನು ಮುದಿಯಾಯಿತೆಂದು ಹೊಸದನ್ನು ಕೊಂಡವರಲ್ಲಿ ಎಷ್ಟೋ ಮಂದಿಗೆ ಒಂದು ಬ್ಯಾಟರಿ ಸಾಕಾಗುತ್ತಿತ್ತು.

ಎರಡನೆಯದು ಜಾಗದ ಕೊರತೆ. ಬೆಳಗಿನ ಶುಭಾಶಯದ ಚಿತ್ರಗಳು, ಹತ್ತು ಗುಂಪುಗಳಿಂದ ಬಂದು ಬೀಳುವ ವಿಡಿಯೊಗಳು, ಒಮ್ಮೆ ಬಳಸಿ ಮರೆತ ಆಪ್‌ಗಳು ಸಂಗ್ರಹವನ್ನು ತುಂಬಿ ಫೋನನ್ನು ಏದುಸಿರು ಬಿಡುವಂತೆ ಮಾಡುತ್ತವೆ. ಅಟ್ಟ ತುಂಬಿದೆಯೆಂದು ಯಾರೂ ಹೊಸ ಮನೆ ಕಟ್ಟುವುದಿಲ್ಲ, ಅಟ್ಟವನ್ನು ಗುಡಿಸುತ್ತಾರೆ. ಬೇಕಾದ ಚಿತ್ರ, ದಾಖಲೆಗಳನ್ನು ಮೆಮೊರಿ ಕಾರ್ಡಿಗೋ ಕಂಪ್ಯೂಟರಿಗೋ ವರ್ಗಾಯಿಸಿ, ಫೋನನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಿದರೆ ಅನೇಕ ವೇಳೆ ಅದು ಮತ್ತೆ ಚುರುಕಾಗುತ್ತದೆ.

ಮೂರನೆಯದು ಮಳೆನಾಡಿಗೇ ವಿಶೇಷವಾದ ಕಾಯಿಲೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ, ತೋಟದಲ್ಲಿ ಬೋರ್ಡೋ ಹೊಡೆಸುವ ಗಡಿಬಿಡಿಯಲ್ಲಿ, ಕಂಬಳಿಕೊಪ್ಪೆಯ ಒಳಗಿನ ಕಿಸೆಯಲ್ಲಿ ಫೋನು ತೋಯುತ್ತದೆ. ಚಾರ್ಜಿಂಗ್ ಕಿಂಡಿಯೊಳಗೆ ತೇವ ಸೇರಿ ಹಿತ್ತಾಳೆ ಪಾತ್ರೆಗೆ ಹಿಡಿಯುವಂಥ ಕಿಲುಬು ಹಿಡಿಯುತ್ತದೆ. ಒದ್ದೆಯಾದ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂಳುವ ರೂಢಿಯನ್ನು ಇನ್ನಾದರೂ ಕೈಬಿಡುವುದು ಲೇಸು. ಅಕ್ಕಿಯ ನುಚ್ಚು ಮತ್ತು ಧೂಳು ಕಿಂಡಿಯೊಳಗೆ ಸೇರಿ ಹೆಚ್ಚು ಹಾನಿ ಮಾಡಬಹುದೆಂದು ತಯಾರಕರೇ ಎಚ್ಚರಿಸಿದ್ದಾರೆ. ತಕ್ಷಣ ಆರಿಸಿ, ಕಿಂಡಿಯನ್ನು ಕೆಳಮುಖ ಮಾಡಿ ನೀರು ತಟ್ಟಿ ತೆಗೆದು, ಗಾಳಿಯಾಡುವೆಡೆ ಒಣಗಲು ಬಿಟ್ಟು, ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕದಿರುವುದು ಸರಿಯಾದ ಕ್ರಮ. ಒಲೆಯ ಪಕ್ಕದ ಬಿಸಿಯೂ ಬ್ಯಾಟರಿಗೆ ವೈರಿಯೇ. ಹತ್ತು ರೂಪಾಯಿಯ ಪ್ಲಾಸ್ಟಿಕ್ ಚೀಲವೊಂದು ಹತ್ತು ಸಾವಿರದ ಯಂತ್ರವನ್ನು ಮಳೆಗಾಲ ದಾಟಿಸುತ್ತದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಗುಡ್ಡಗಾಡಿನವರನ್ನು ಹೊಸ ಫೋನಿನತ್ತ ಎಳೆಯುವುದು ರೇಂಜಿನ ಆಸೆ. 2022ರ ಅಕ್ಟೋಬರಿನಲ್ಲಿ ದೇಶದಲ್ಲಿ 5ಜಿ ಸೇವೆ ಆರಂಭವಾದ ಮೇಲೆ 5ಜಿ ಸೆಟ್ ಕೊಂಡರೆ ನೆಟ್‌ವರ್ಕಿನ ಗೋಳು ತೀರುತ್ತದೆಂಬ ನಂಬಿಕೆ ಹರಡಿದೆ. ಟವರೇ ಇಲ್ಲದ ಕಣಿವೆಯಲ್ಲಿ ಯಾವ ಫೋನೂ ಟವರನ್ನು ಹುಟ್ಟಿಸಲಾರದು. ಕರೆಂಟು ಹೋದೊಡನೆ ಮಲಗುವ ಟವರಿನ ಕೆಳಗೆ ಲಕ್ಷ ರೂಪಾಯಿಯ ಫೋನೂ ಮೂಕವೇ. ಸೇವೆಯಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ಅದರಲ್ಲಿ ತಮ್ಮ ಊರು ಸೇರಿದೆಯೇ, ಸೇರಿದ್ದರೆ ಕೆಲಸ ಎಲ್ಲಿಗೆ ಬಂದಿದೆ ಎಂದು ಗ್ರಾಮಸಭೆಯಲ್ಲಿ ಕೇಳುವುದು ಪ್ರತಿ ಮನೆಯೂ ಒಂದೊಂದು ಹೊಸ ಫೋನು ಕೊಳ್ಳುವುದಕ್ಕಿಂತ ಫಲಕಾರಿ. ಇಲ್ಲಿ ಒಂದು ಅಪವಾದವನ್ನೂ ಹೇಳಬೇಕು. ಬಿಎಸ್‌ಎನ್‌ಎಲ್‌ನ 4ಜಿ ಸೇವೆ 700 ಮತ್ತು 2100 ಮೆಗಾಹರ್ಟ್ಸ್ ತರಂಗಗಳನ್ನು ಬಳಸುತ್ತದೆ. ಕಾಡು ಗುಡ್ಡಗಳನ್ನು ದಾಟಿ ದೂರ ತಲುಪುವುದು 700ರ ತರಂಗ. ಕೆಲವು ಹಳೆಯ ಸೆಟ್‌ಗಳಿಗೆ ಅದನ್ನು ಹಿಡಿಯುವ ಸಾಮರ್ಥ್ಯವಿಲ್ಲ. ಊರಿಗೆ ಸೇವೆ ಬಂದಿದ್ದು, ನೆರೆಮನೆಯವರಿಗೆ ಸಿಗುವ ಸಂಕೇತ ತಮ್ಮ ಫೋನಿಗೆ ಮಾತ್ರ ಸಿಗದಿದ್ದರೆ ಆಗ ದೋಷ ಫೋನಿನದಿರಬಹುದು.

ಇನ್ನು ಆ ಯಂತ್ರದ ಬೇರುಗಳ ವಿಚಾರ. ಕುದುರೆಮುಖದ ಕಬ್ಬಿಣದ ಗಣಿಗೆ ಗುಡ್ಡಗಳು ಬಲಿಯಾದದ್ದನ್ನು, ಅದಿರಿನ ರಾಡಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿದದ್ದನ್ನು, ಮಳೆಗಾಲದಲ್ಲಿ ಭದ್ರೆ ಕೆಂಪಾದದ್ದನ್ನು ಮಲೆನಾಡು ಮರೆತಿಲ್ಲ. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಅಷ್ಟು ಹೊತ್ತಿಗೆ ಕಳೆದುಹೋದ ಶೋಲಾ ಹುಲ್ಲುಗಾವಲು ಮಾತ್ರ ಹಿಂದಿರುಗಲಿಲ್ಲ. ಅಂಥ ಕುದುರೆಮುಖಗಳು ಒಂದೊಂದು ಫೋನಿನೊಳಗೂ ಹಲವಾರಿವೆ. ಅವು ಕಣ್ಣಿಗೆ ಕಾಣದಷ್ಟು ದೂರದಲ್ಲಿವೆ, ಅಷ್ಟೆ.

ಬ್ಯಾಟರಿಯ ಕೋಬಾಲ್ಟನ್ನು ನೋಡಬಹುದು. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಸುಮಾರು ಶೇಕಡ 70 ಆಫ್ರಿಕದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಅಲ್ಲಿ ಕೈಯಿಂದ ಅಗೆಯುವ ಬಿಲಗಳಲ್ಲಿ ಮಕ್ಕಳೂ ದುಡಿಯುತ್ತಿರುವುದನ್ನು ಆಮ್ನೆಸ್ಟಿ ಸಂಸ್ಥೆ 2016ರ ವರದಿಯಲ್ಲಿ ದಾಖಲಿಸಿತು. ಬಿಡಿಭಾಗಗಳನ್ನು ಬೆಸೆಯುವ ತವರಕ್ಕಾಗಿ ಇಂಡೊನೇಷ್ಯದ ಬಂಕಾ ದ್ವೀಪದ ಕಾಡೂ ಕಡಲ ಹವಳದ ದಿಬ್ಬಗಳೂ ಹಾಳಾಗಿವೆ. ಸ್ಪೀಕರಿನ ಪುಟ್ಟ ಅಯಸ್ಕಾಂತಕ್ಕೆ ಬೇಕಾದ ವಿರಳ ಧಾತುಗಳ ದೊಡ್ಡ ಗಣಿ ಚೀನಾದ ಬಯಾನ್ ಓಬೊದಲ್ಲಿದೆ. ಲಿಥಿಯಂಗಾಗಿ ಚಿಲಿಯ ಅಟಕಾಮ ಮರುಭೂಮಿಯಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಹರವಿ ಆವಿ ಮಾಡಲಾಗುತ್ತದೆ. ಕರ್ನಾಟಕವೂ ಈ ನಕ್ಷೆಯ ಹೊರಗಿಲ್ಲ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಪ್ರದೇಶದಲ್ಲಿ 1,600 ಟನ್ ಲಿಥಿಯಂ ಇರಬಹುದೆಂಬ ಅಂದಾಜನ್ನು ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದೆ. ನಾಳೆ ಪಶ್ಚಿಮ ಘಟ್ಟದ ಯಾವುದೋ ಮಡಿಲಲ್ಲಿ ಬ್ಯಾಟರಿಯ ಖನಿಜವಿದೆಯೆಂದು ಗೊತ್ತಾದರೆ, ಅದನ್ನು ಅಗೆಯಬೇಡಿರೆಂದು ಧರಣಿ ಕೂರುವವರ ಕಿಸೆಯಲ್ಲಿ ಪ್ರತಿ ವರ್ಷ ಹೊಸ ಫೋನಿದ್ದರೆ ಆ ಕೂಗಿಗೆ ಬಲ ಎಷ್ಟು ಬಂದೀತು?

ತಯಾರಿಕೆಯ ಹೊರೆಯನ್ನು ಅಂಕಿಗಳಲ್ಲೂ ಕಾಣಬಹುದು. 2021ರ ಐಫೋನ್ 13ರ ಒಟ್ಟು ಜೀವಿತದಲ್ಲಿ ಸುಮಾರು 64 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊಮ್ಮುತ್ತದೆಂದು ತಯಾರಕರೇ ಲೆಕ್ಕ ಕೊಟ್ಟಿದ್ದಾರೆ. ಅದರಲ್ಲಿ ಶೇಕಡ 80ರಷ್ಟು ಫೋನು ಕೊಳ್ಳುವವನ ಕೈ ಸೇರುವ ಮೊದಲೇ, ಗಣಿ ಮತ್ತು ಕಾರ್ಖಾನೆಗಳಲ್ಲೇ ಹೊಮ್ಮಿಬಿಟ್ಟಿರುತ್ತದೆ. ದಿನಾ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೂ ಒಂದು ಫೋನು ವರ್ಷಕ್ಕೆ ನುಂಗುವ ವಿದ್ಯುತ್ತು ಹತ್ತು ಯೂನಿಟ್ ದಾಟುವುದಿಲ್ಲ. ಅಂದರೆ ಕಡಿಮೆ ವಿದ್ಯುತ್ ಬಳಸುವ ಹೊಸ ಮಾದರಿ ಕೊಂಡು ಪರಿಸರ ಉಳಿಸುತ್ತೇವೆಂಬ ಮಾತಿಗೆ ಹುರುಳಿಲ್ಲ. ಫೋನಿನ ಮಟ್ಟಿಗೆ ಹಸಿರು ಮಾದರಿಯೆಂದರೆ ಈಗಾಗಲೇ ಕೈಯಲ್ಲಿರುವ ಮಾದರಿಯೇ. ಯೂರೋಪಿನ ಎಲ್ಲ ಸ್ಮಾರ್ಟ್‌ಫೋನುಗಳ ಆಯುಸ್ಸು ಕೇವಲ ಒಂದು ವರ್ಷ ಹೆಚ್ಚಿದರೆ 2030ರ ಹೊತ್ತಿಗೆ ವರ್ಷಕ್ಕೆ 21 ಲಕ್ಷ ಟನ್ ಇಂಗಾಲ ಉಳಿಯುತ್ತದೆಂದು ಅಲ್ಲಿನ ಪರಿಸರ ಸಂಘಟನೆಗಳ ಒಕ್ಕೂಟ 2019ರಲ್ಲಿ ಅಂದಾಜಿಸಿತ್ತು.

ಬಿಸಾಡಿದ ಮೇಲಿನ ಕಥೆ ಇನ್ನೂ ಕರಾಳ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹೊರಹಾಕಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡ 22.3 ಮಾತ್ರವೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿ ಹೇಳುತ್ತದೆ. ಉಳಿದದ್ದರಲ್ಲಿ ಒಂದಷ್ಟು ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದಿನಂಥ ಕಡೆ ಬಡವರ ಅಂಗಳ ಸೇರುತ್ತದೆ. ಅಲ್ಲಿ ತಂತಿ ಸುಟ್ಟು ತಾಮ್ರ, ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುವವರ ಪುಪ್ಪುಸಕ್ಕೆ ಸೀಸ ಮತ್ತು ಹೊಗೆ ಇಳಿಯುತ್ತವೆ. ಮಲೆನಾಡಿನ ಮನೆಗಳಲ್ಲಿ ಹಳೆಯ ಫೋನು ಬೀರುವಿನ ಮೂಲೆ ಸೇರುತ್ತದೆ, ಇಲ್ಲವೇ ಪ್ಲಾಸ್ಟಿಕ್ ಕಸದೊಡನೆ ತಿಪ್ಪೆಯ ಬದಿಯಲ್ಲಿ ಬೆಂಕಿಗೆ ಬೀಳುತ್ತದೆ. ಎರಡನೆಯದು ಅಪಾಯಕಾರಿ. ಬ್ಯಾಟರಿ ಸಿಡಿಯಬಹುದು, ಅದರ ವಿಷ ಹಳ್ಳದ ನೀರಿಗೆ ಸೇರಬಹುದು.

ಆ ಬೀರುವಿನ ಮೂಲೆಯಲ್ಲಿ ಮಲಗಿರುವುದು ಕಸವಲ್ಲ ಎಂಬುದಕ್ಕೆ ಟೋಕಿಯೊ ಒಲಿಂಪಿಕ್ಸ್ ಸಾಕ್ಷಿ. ಆ ಕ್ರೀಡಾಕೂಟದ ಸುಮಾರು 5,000 ಪದಕಗಳಿಗಾಗಿ ಜಪಾನಿನ ಜನ ಹಳೆಯ ವಿದ್ಯುನ್ಮಾನ ಸಲಕರಣೆಗಳನ್ನು ಕೊಟ್ಟರು. ಅವುಗಳಲ್ಲಿ 62 ಲಕ್ಷಕ್ಕೂ ಹೆಚ್ಚು ಮೊಬೈಲುಗಳಿದ್ದವು. ಒಟ್ಟು ರಾಶಿಯಿಂದ 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ ದೊರೆಯಿತು. ಇತ್ತ ನಮ್ಮದೇ ರಾಜ್ಯದ ಕೋಲಾರದಲ್ಲಿ ನೂರಿಪ್ಪತ್ತು ವರ್ಷ ಅಗೆದ ಚಿನ್ನದ ಗಣಿ, ಅದಿರಿನ ಸತ್ವ ಇಳಿದು ನಷ್ಟದಲ್ಲಿ 2001ರಲ್ಲಿ ಮುಚ್ಚಿತು. ಅಲ್ಲಿನ ಸಯನೈಡ್ ಮಣ್ಣಿನ ದಿಬ್ಬಗಳು ಇಂದಿಗೂ ಊರಿನ ನಡುವೆ ನಿಂತಿವೆ. ನೆಲವನ್ನು ಮತ್ತೆ ಅಗೆಯುವ ಮೊದಲು ಬೀರುವನ್ನು ತೆರೆಯುವುದು ವಿವೇಕ.

ದೇಶದಲ್ಲಿ ಕಾನೂನು ಇಲ್ಲವೆಂದಲ್ಲ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿ, ಮೊದಲೆರಡು ವರ್ಷ ಶೇಕಡ 60, ನಂತರದ ಎರಡು ವರ್ಷ ಶೇಕಡ 70, 2027-28ರಿಂದ ಶೇಕಡ 80ರ ಗುರಿಯನ್ನು ಅವು ಹಾಕಿವೆ. ಆದರೆ ನೋಂದಾಯಿತ ಮರುಬಳಕೆದಾರರೂ ಸಂಗ್ರಹಣಾ ಕೇಂದ್ರಗಳೂ ನಗರಗಳ ಸುತ್ತಮುತ್ತಲೇ ಇವೆ. ಫೋನು ಮಾರುವ ಅಂಗಡಿ ಹೋಬಳಿಗೂ ಬಂದಿದೆ, ಹಳತನ್ನು ಒಪ್ಪಿಸಿಕೊಳ್ಳುವ ಡಬ್ಬ ಮಾತ್ರ ಘಟ್ಟ ಹತ್ತಲಿಲ್ಲ.

ಇದೇ ರೀತಿ ದುರಸ್ತಿಯ ಹಕ್ಕಿನ ಮಾತೂ ಅರ್ಧ ದಾರಿಯಲ್ಲಿದೆ. ಹಿಂದಿನ ಕಾಲದ ಫೋನುಗಳಲ್ಲಿ ಉಗುರಿನಿಂದ ಮುಚ್ಚಳ ಎಬ್ಬಿಸಿ ಬ್ಯಾಟರಿ ಬದಲಿಸಬಹುದಿತ್ತು. ಈಗ ಅಂಟು ಹಾಕಿ ಮುಚ್ಚಿದ ಫೋನನ್ನು ಬಿಸಿ ಮಾಡದೆ ಬಿಚ್ಚಲಾಗದು. ಯೂರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಬ್ಯಾಟರಿ 800 ಆವರ್ತನಗಳ ನಂತರವೂ ಶೇಕಡ 80 ಧಾರಣಶಕ್ತಿ ಉಳಿಸಿಕೊಂಡಿರಬೇಕು, ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ ದೊರೆಯಬೇಕು, ಐದು ವರ್ಷವಾದರೂ ತಂತ್ರಾಂಶದ ಪರಿಷ್ಕರಣೆ ಸಿಗಬೇಕು. ಭಾರತದಲ್ಲಿ ದುರಸ್ತಿ ಹಕ್ಕಿನ ಬಗ್ಗೆ 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಸಮಿತಿ ರಚಿಸಿತು. ದುರಸ್ತಿಯೋಗ್ಯತೆಯ ಸೂಚ್ಯಂಕ ಕುರಿತ ಮತ್ತೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಒಪ್ಪಿಸಿತು. ಫ್ರಿಜ್ಜಿನ ಮೇಲೆ ನಕ್ಷತ್ರಗಳಿರುವಂತೆ ಫೋನಿನ ಡಬ್ಬದ ಮೇಲೂ ಅದು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆಂಬ ಗುರುತು ಕಡ್ಡಾಯವಾಗಬೇಕೆಂದು ಗ್ರಾಹಕರು ಗಟ್ಟಿಯಾಗಿ ಕೇಳಬೇಕಾದ ಸಮಯವಿದು. ತಾಲ್ಲೂಕು ಪೇಟೆಯ ಓಣಿಯಲ್ಲಿ ಭೂತಗನ್ನಡಿ ಹಿಡಿದು ಕುಳಿತ ರಿಪೇರಿಯ ಹುಡುಗನ ಅನ್ನವೂ ಇದರಲ್ಲಿ ಅಡಗಿದೆ.

ಹಾಗಾದರೆ ಫೋನನ್ನು ಎಂದೂ ಬದಲಿಸಬಾರದೇ? ಹಾಗೇನಿಲ್ಲ. ಬದಲಿಸಲೇಬೇಕಾದ ಸಂದರ್ಭಗಳಿವೆ, ಅವುಗಳನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಎಲ್ಲಕ್ಕಿಂತ ಮುಖ್ಯವಾದುದು ಸುರಕ್ಷತಾ ಪರಿಷ್ಕರಣೆ. ತಯಾರಕರು ಪರಿಷ್ಕರಣೆ ನಿಲ್ಲಿಸಿದ ಫೋನು ಬೀಗ ಸವೆದ ಬಾಗಿಲಿನಂತೆ. ಅದರಲ್ಲಿ ಹಾಡು ಕೇಳಬಹುದು, ದೀಪ ಹಚ್ಚಿಕೊಳ್ಳಬಹುದು. ಬ್ಯಾಂಕ್ ಖಾತೆಯನ್ನು ಅದರೊಳಗಿಟ್ಟು ವರ್ಷಗಟ್ಟಲೆ ಓಡಾಡುವುದು ಕ್ಷೇಮವಲ್ಲ. ಅಡಿಕೆ ಮಾರಿದ ಇಡೀ ವರ್ಷದ ಹಣ ಒಂದು ಕ್ಷಣದಲ್ಲಿ ಕಳ್ಳರ ಪಾಲಾದರೆ ಉಳಿಸಿದ ಫೋನಿನ ಪುಣ್ಯ ಯಾವ ಲೆಕ್ಕಕ್ಕೂ ಬಾರದು. ಬೇಕಾದ ಆಪ್‌ಗಳೇ ನಡೆಯದಿದ್ದರೂ ಅಷ್ಟೆ. ಆಂಡ್ರಾಯ್ಡ್ 5ಕ್ಕಿಂತ ಹಳೆಯ ಆವೃತ್ತಿಗಳಲ್ಲಿ 2025ರ ಜನವರಿಯಿಂದ ವಾಟ್ಸ್‌ಆಪ್ ಕೆಲಸ ಮಾಡುತ್ತಿಲ್ಲ. ಬ್ಯಾಟರಿ ಉಬ್ಬಿ ಮುಚ್ಚಳ ಎದ್ದಿದ್ದರೆ ಆ ದಿನವೇ ಬಳಕೆ ನಿಲ್ಲಿಸಿ ಬದಲಿಸಬೇಕು. ರಿಪೇರಿಯ ಖರ್ಚು ಫೋನಿನ ಇಂದಿನ ಬೆಲೆಯನ್ನೇ ಮೀರಿದರೂ ಮರುಯೋಚನೆ ಸಹಜ.

ಆದ್ದರಿಂದ ಅಂಗಡಿಗೆ ಕಾಲಿಡುವ ಮೊದಲು ಮನೆಯಲ್ಲೇ ಕೂತು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ. ಇದಕ್ಕೆ ಸುರಕ್ಷತಾ ಪರಿಷ್ಕರಣೆ ಇನ್ನೂ ಬರುತ್ತಿದೆಯೇ? ಸೆಟ್ಟಿಂಗ್ಸಿನಲ್ಲಿ ಕೊನೆಯ ಪರಿಷ್ಕರಣೆಯ ದಿನಾಂಕ ನೋಡಿದರೆ ತಿಳಿಯುತ್ತದೆ. ತೊಂದರೆ ಬ್ಯಾಟರಿಯದೇ, ಜಾಗದ್ದೇ, ಪರದೆಯದೇ? ಅದನ್ನು ಸರಿಪಡಿಸಲು ಎಷ್ಟು ಬೇಕು? ಹೊಸ ಫೋನು ಮಾಡುವ, ಇದು ಮಾಡಲಾಗದ, ನಿಜಕ್ಕೂ ಅಗತ್ಯವಾದ ಕೆಲಸ ಯಾವುದು? ಕೊನೆಯ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಅದು ಅಗತ್ಯವಲ್ಲ, ಜಾಹೀರಾತು ಬಿತ್ತಿದ ಬಯಕೆ.

ಕೊಳ್ಳಲೇಬೇಕೆಂದಾದರೆ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಬದಲು ಎಷ್ಟು ವರ್ಷ ಪರಿಷ್ಕರಣೆ ಕೊಡುತ್ತೀರಿ ಎಂದು ಕೇಳುವುದು ಜಾಣತನ. ಗೂಗಲ್ ತನ್ನ 2023ರ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ ತನ್ನ 2024ರ ಎಸ್24ಕ್ಕೆ ಏಳು ವರ್ಷದ ಭರವಸೆ ಕೊಟ್ಟಿವೆ. ಅಗ್ಗದ ಸೆಟ್‌ಗಳಿಗೆ ಅನೇಕ ವೇಳೆ ಎರಡು ಮೂರು ವರ್ಷವಷ್ಟೇ. ಬಡವರಿಗೆ ಮಾರುವ ಫೋನೇ ಬೇಗ ಸಾಯುವಂತಿರುವುದು ಈ ವ್ಯಾಪಾರದ ದೊಡ್ಡ ಅನ್ಯಾಯ. ಯಾರೋ ಬಳಸಿದ ಒಳ್ಳೆಯ ಮಾದರಿಯ ಫೋನು ಎಷ್ಟೋ ಸಲ ಹೊಸ ಅಗ್ಗದ ಫೋನಿಗಿಂತ ಹೆಚ್ಚು ಬಾಳುತ್ತದೆ. ಅಂಥದನ್ನು ಕೊಳ್ಳುವಾಗ *#06# ಒತ್ತಿ ಐಎಂಇಐ ಸಂಖ್ಯೆ ತೆಗೆದು, ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ಅದು ಕದ್ದ ಮಾಲಲ್ಲವೆಂದು ಖಚಿತಪಡಿಸಿಕೊಂಡರಾಯಿತು. ಮಾತಿಗೂ ಹಣ ಪಾವತಿಗೂ ಮಾತ್ರ ಫೋನು ಬೇಕಾದ ಹಿರಿಯರಿಗೆ ಕೀಲಿಗುಂಡಿಯ ಸಾದಾ ಫೋನೇ ಸಾಕು. 2022ರಿಂದ ಅದರಲ್ಲೂ ಯುಪಿಐ ಪಾವತಿಗೆ ಅವಕಾಶವಿದೆ.

ಒಂದು ಹಳ್ಳಿಯ ನಾಲ್ಕು ಫೋನು ಉಳಿದರೆ ಕಾಂಗೋದ ಗಣಿ ಮುಚ್ಚುತ್ತದೆಯೇ ಎಂದು ಕೇಳುವವರಿದ್ದಾರೆ. ಮುಚ್ಚುವುದಿಲ್ಲ. ಕಂಪನಿಗಳನ್ನು ಕಟ್ಟಿಹಾಕುವ ಕಾನೂನಿಲ್ಲದೆ ಕೇವಲ ಗ್ರಾಹಕರ ಸಂಯಮದಿಂದ ಈ ಹೊರೆ ಇಳಿಯದು ಎಂಬುದು ನಿಜ. ಆದರೆ ಉಳಿದ ಹದಿನೈದು ಸಾವಿರ ರೂಪಾಯಿ ಆ ಮನೆಯಲ್ಲೇ ಉಳಿಯುತ್ತದೆ. ಅದು ಒಬ್ಬ ವಿದ್ಯಾರ್ಥಿಯ ಹಾಸ್ಟೆಲ್ ಶುಲ್ಕವಾಗಬಹುದು, ತೋಟದ ಬೇಲಿಯಾಗಬಹುದು, ತೀರದ ಕಂತಿನ ಭಾರವಿಲ್ಲದ ನಿದ್ದೆಯಾಗಬಹುದು. ಜತೆಗೆ ರಿಪೇರಿ ಕೇಳುವ ಜನರಿದ್ದಾಗಲೇ ರಿಪೇರಿಯ ಕಾನೂನೂ ಬರುತ್ತದೆ.

ಒಬ್ಬೊಬ್ಬರಿಂದ ಆಗದ್ದು ಊರಿಂದ ಆಗುತ್ತದೆ. ಪಂಚಾಯಿತಿ ಕಚೇರಿಯಲ್ಲಿ, ಕೃಷಿ ಸಹಕಾರ ಸಂಘದಲ್ಲಿ, ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಹಳೆಯ ಫೋನು, ಚಾರ್ಜರ್, ಬ್ಯಾಟರಿಗಳನ್ನು ಸಂಗ್ರಹಿಸಿ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುವುದು ಕಷ್ಟದ ಕೆಲಸವಲ್ಲ. ಕೊಡುವ ಮೊದಲು ಸಿಮ್, ಮೆಮೊರಿ ಕಾರ್ಡ್ ತೆಗೆದು ಒಳಗಿನ ಮಾಹಿತಿಯನ್ನೆಲ್ಲ ಅಳಿಸಬೇಕೆಂಬುದನ್ನು ವಿದ್ಯಾರ್ಥಿಗಳೇ ಮನೆಮನೆಗೆ ಕಲಿಸಿಕೊಡಬಲ್ಲರು. ಇನ್ನೂ ಜೀವವಿರುವ ಫೋನುಗಳನ್ನು ಬ್ಯಾಟರಿ ಬದಲಿಸಿ, ಪರಿಷ್ಕರಣೆ ಬರುತ್ತಿದೆಯೆಂದು ನೋಡಿ, ಫೋನಿಲ್ಲದ ಮಕ್ಕಳ ಕೈಗೆ ಕೊಡಬಲ್ಲರು. ಈ ಮಳೆಗಾಲಕ್ಕೆ ಮೊದಲು ಪ್ರತಿ ಊರೂ ತನ್ನ ಬೀರುಗಳನ್ನೊಮ್ಮೆ ತೆರೆದು ಎಣಿಸಲಿ. ಅಂಗಡಿಯ ದಾರಿ ಆಮೇಲೂ ಅಲ್ಲೇ ಇರುತ್ತದೆ.